‘ಸಂಸ್ಕಾರ’ ಚಲಚ್ಚಿತ್ರದ ನಿಷೇಧ: ಒಂದು ಶಾಸ್ತ್ರೀಯ ವಿಚಾರ

ಕನ್ನಡದಲ್ಲಿ ಮಾತನಾಡುವ ಚಲಚ್ಚಿತ್ರಗಳ ಚರಿತ್ರೆಯು 1934ರಲ್ಲಿ ‘ಸತಿ ಸುಲೋಚನಾ’ ಎಂಬ ಪೌರಾಣಿಕ ಚಿತ್ರದಿಂದ ಆರಂಭವಾಯಿತೆಂಬುದು ವಿದಿತವೇ ಇದೆ. ಅಲ್ಲಿಂದ ಮೂವತ್ತಾರು ವರ್ಷಗಳವರೆಗೆ ಪುರಾಣಕಥೆಗಳೂ ರಾಜರ ಕಥೆಗಳೂ ಭಕ್ತರ ಚರಿತ್ರೆಗಳೂ ಸಂಸಾರದ ಕಥೆಗಳೂ ತೆರೆಯ ಮೇಲೆ ಬಂದು ಹೋದುವು. ಇವುಗಳಲ್ಲಿ ಯಾವುದೊಂದೂ ರಾಜಶಾಸನದ ಕಣ್ಣಿಗೆ ಲೋಕಕಂಟಕವೆಂದು ತೋರಿ ಇಡಿಯಾಗಿ ತಡೆಯಲ್ಪಟ್ಟುದು ಪ್ರಸಿದ್ಧವಾಗಿಲ್ಲ. 1970ರಲ್ಲಿ ಸಿದ್ಧವಾದ ‘ಸಂಸ್ಕಾರ’ವೆಂಬ ಚಿತ್ರಕ್ಕೆ ಮಾತ್ರ ಆ ಗತಿ ಒದಗಿತು. ಮದರಾಸಿನ ಸೆನ್ಸಾರ್ ಮಂಡಳಿಯು ಅದರ ಪ್ರದರ್ಶನಕ್ಕೆ ಅನುಮತಿಯನ್ನು ನಿರಾಕರಿಸಿತು. ಅನಂತರ ಕೇಂದ್ರ ಸರ್ಕಾರವು ಆ ನಿಷೇಧವನ್ನು ತೆಗೆಯಿತು. ಅದೇ ಚಿತ್ರಕ್ಕೆ ಆ ಸಾಲಿನ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯು ದೊರೆಯಿತು. ಕನ್ನಡಕ್ಕೆ ಆ ಗೌರವವು ಬಂದುದು ಅದೇ ಮೊದಲು.

ಈ ಸಂಗತಿಯನ್ನು ಹೇಳುವವರು ಸಾಮಾನ್ಯವಾಗಿ ಎರಡು ಮಾತಿನಲ್ಲಿ ಮುಗಿಸಿಬಿಡುವರು. ಬ್ರಾಹ್ಮಣರಿಗೆ ನೋವಾದೀತೆಂದು ಅಧಿಕಾರಿಗಳು ಹೆದರಿದರು, ಆಮೇಲೆ ಹೆದರಿಕೆಯು ಹೋಯಿತು ಎಂಬುದೇ ಆ ಎರಡು ಮಾತು. ಇಷ್ಟರಿಂದ ವಿಷಯವು ತೀರುವುದಿಲ್ಲ. ನೋವು ಎಂಬುದು ಯಾರದು, ಅದು ಕೃತಿಯ ದೋಷವೋ ಪ್ರೇಕ್ಷಕನ ಸ್ಥಿತಿಯೋ, ಅದನ್ನು ತೂಗಿ ತೀರ್ಮಾನಿಸುವ ಅಧಿಕಾರವು ಯಾರಿಗೆ ಎಂಬ ಪ್ರಶ್ನೆಗಳು ಉಳಿದೇ ಇರುತ್ತವೆ. ಇವು ಹೊಸ ಪ್ರಶ್ನೆಗಳೂ ಅಲ್ಲ. ಭರತಮುನಿಯ ನಾಟ್ಯಶಾಸ್ತ್ರದ ಮೊದಲ ಅಧ್ಯಾಯದಲ್ಲಿಯೇ ಇವು ಎದ್ದಿವೆ. ಆದುದರಿಂದ ಚಿತ್ರದ ಚರಿತ್ರೆಯನ್ನು ಹೇಳಿ, ಅದರ ವಿರುದ್ಧವಾದ ಪೂರ್ವಪಕ್ಷವನ್ನು ಧರ್ಮಶಾಸ್ತ್ರದ ಬಲದಿಂದಲೇ ಪರೀಕ್ಷಿಸಿ, ಅನಂತರ ನಾಟ್ಯಶಾಸ್ತ್ರದ ಕಡೆಗೆ ತಿರುಗುವುದು ಉಚಿತವಾಗಿದೆ.

ಕಾದಂಬರಿಯ ವಿಷಯವು ಓದುಗರಿಗೆ ಪರಿಚಿತವೇ ಆದುದರಿಂದ ಸಂಕ್ಷೇಪವಾಗಿ ಹೇಳಿದರೆ ಸಾಕು. ಯು. ಆರ್. ಅನಂತಮೂರ್ತಿಯವರು (1932–2014) ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿ, ದೂರ್ವಾಸಪುರದ ಸಂಸ್ಕೃತ ಪಾಠಶಾಲೆಯಲ್ಲಿ ಅಕ್ಷರಾಭ್ಯಾಸ ಮಾಡಿ, ಮುಂದೆ ಮೈಸೂರಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಓದಿದವರು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ವಿಶ್ವವಿದ್ಯಾನಿಲಯದಲ್ಲಿದ್ದಾಗ ಅವರು ಬರೆದ ಈ ಕಾದಂಬರಿಯನ್ನು 1965ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯು ಪ್ರಕಟಿಸಿತು. ಮಲೆನಾಡಿನ ಒಂದು ಮಾಧ್ವ ಅಗ್ರಹಾರದಲ್ಲಿ ನಾರಣಪ್ಪನೆಂಬವನು ಸಾಯುತ್ತಾನೆ. ಅವನು ಆಚಾರವನ್ನೆಲ್ಲ ಬಿಟ್ಟವನು, ದೇವರ ಕೆರೆಯ ಮೀನನ್ನು ಹಿಡಿದವನು, ಕುಂದಾಪುರದ ಚಂದ್ರಿಯೆಂಬವಳನ್ನು ಮನೆಯಲ್ಲಿಟ್ಟುಕೊಂಡವನು. ಅವನ ಶವಸಂಸ್ಕಾರವನ್ನು ಮಾಡತಕ್ಕವರು ಯಾರು, ಮಾಡಬಹುದೇ ಎಂಬ ಪ್ರಶ್ನೆಯು ಏಳುತ್ತದೆ. ಶವವು ತೆಗೆಯಲ್ಪಡುವವರೆಗೆ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ. ವೇದಾಂತಶಿರೋಮಣಿಯೆನಿಸಿದ ಪ್ರಾಣೇಶಾಚಾರ್ಯರು ಗ್ರಂಥಗಳನ್ನು ಹುಡುಕಿ, ಮಾರುತಿಯ ಪ್ರಸಾದವನ್ನು ಬೇಡಿ, ಎರಡರಲ್ಲಿಯೂ ಉತ್ತರ ಕಾಣದೆ ಹಿಂದಿರುಗುವಾಗ ಕತ್ತಲೆಯಲ್ಲಿ ಚಂದ್ರಿಯನ್ನು ಕೂಡುತ್ತಾರೆ. ಶವವನ್ನು ಕೊನೆಗೆ ಸುಟ್ಟವರು ಅಗ್ರಹಾರದವರಲ್ಲ. ಚಂದ್ರಿಯು ಒಬ್ಬ ಮುಸಲ್ಮಾನನ ನೆರವಿನಿಂದ ಗುಟ್ಟಾಗಿ ಆ ಕಾರ್ಯವನ್ನು ಮುಗಿಸಿ ಹೊರಟುಹೋಗುತ್ತಾಳೆ. ಇಲಿಗಳು ಬೀಳುತ್ತಿರುತ್ತವೆ. ಅಗ್ರಹಾರಕ್ಕೆ ಬಂದುದು ಪ್ಲೇಗು.

ಈ ಪ್ಲೇಗಿನ ಮಾತು ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಓದುಗರಿಗೆ ಬರಿಯ ಕಥೆಯಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಹಳೆಯ ಪೇಟೆಯ ಇಕ್ಕಟ್ಟನ್ನು ಬಿಟ್ಟು ಜನರು ಹೊರಗಿನ ಹೊಸ ಬಡಾವಣೆಗಳಿಗೆ ಹೋದರು. ಬಸವನಗುಡಿ, ಮಲ್ಲೇಶ್ವರಗಳು ತುಂಬಿದುದಕ್ಕೆ ಆ ರೋಗವೂ ಒಂದು ಕಾರಣ. ಬಸವನಗುಡಿಯ ಮೂಲವಿನ್ಯಾಸದಲ್ಲಿ ಬೇರೆ ಬೇರೆ ಜಾತಿಗಳಿಗೆ ಬೇರೆ ಬೇರೆ ಭಾಗಗಳನ್ನು ಗುರುತಿಸಿದ್ದರು. ಅಗಲವಾದ ಬೀದಿಯೂ ಗಾಳಿಬೆಳಕೂ ಹೊಸವಾದುವು. ನೆರೆಯವನಾರೆಂಬ ವಿಚಾರವು ಮಾತ್ರ ಅಗ್ರಹಾರದ್ದೇ ಆಗಿ ಉಳಿಯಿತು. ಶಂಕರಮಠ, ಉತ್ತರಾದಿಮಠಗಳ ಸಮೀಪದಲ್ಲಿ ಮನೆ ಮಾಡಿಕೊಂಡು ಗುಮಾಸ್ತರಾಗಿಯೂ ಉಪಾಧ್ಯಾಯರಾಗಿಯೂ ವಕೀಲರಾಗಿಯೂ ನೆಲೆನಿಂತ ಕುಟುಂಬಗಳು ಮಲೆನಾಡು, ಮೈದಾನಗಳ ಅಗ್ರಹಾರಗಳಿಂದ ಬಂದುವು. ಆದುದರಿಂದ ‘ಸಂಸ್ಕಾರ’ದ ದೂರ್ವಾಸಪುರವು ಈ ಬೀದಿಗಳ ಅಜ್ಜನ ಮನೆಯೆಂದು ಹೇಳಿದರೆ ಅತಿಶಯೋಕ್ತಿಯಾಗದು. ಅಜ್ಜನ ಮನೆಯ ಒಳಮಾತನ್ನು ಬೀದಿಯಲ್ಲಿ ಆಡಿದರೆ ಮೊಮ್ಮಕ್ಕಳಿಗೆ ಮುಜುಗರವಾಗುವುದೂ ಸಹಜವೇ.

ಇನ್ನು ಚಿತ್ರವನ್ನು ನಿರ್ಮಿಸಿದವರ ವಿಷಯ. ನಿರ್ದೇಶಕರಾದ ಟಿ. ಪಟ್ಟಾಭಿರಾಮ ರೆಡ್ಡಿಯವರು (1919–2006) ಕನ್ನಡಿಗರಲ್ಲ. 1939ರಲ್ಲಿ ‘ಫಿಡೇಲು ರಾಗಾಲ ಡಜನ್’ ಎಂಬ ಹೊಸ ಬಗೆಯ ಕವಿತೆಗಳನ್ನು ಪ್ರಕಟಿಸಿ ತೆಲುಗರನ್ನು ಬೆರಗುಗೊಳಿಸಿದ ಕವಿಗಳು ಅವರು. ಮುಂದೆ ‘ಪೆಳ್ಳಿನಾಟಿ ಪ್ರಮಾಣಾಲು’, ‘ಶ್ರೀಕೃಷ್ಣಾರ್ಜುನ ಯುದ್ಧಮು’ ಮೊದಲಾದ ತೆಲುಗು ಚಿತ್ರಗಳಿಗೆ ನಿರ್ಮಾಪಕರಾದರು. ಡಾ. ರಾಮಮನೋಹರ ಲೋಹಿಯಾ ಅವರ ಸಮಾಜವಾದಿ ವಿಚಾರಕ್ಕೆ ಅವರೂ ಅವರ ಪತ್ನಿ ಸ್ನೇಹಲತಾ ರೆಡ್ಡಿಯವರೂ ಒಲಿದವರು. ಮದರಾಸಿನಲ್ಲಿ ಇಂಗ್ಲಿಷ್ ನಾಟಕಗಳನ್ನಾಡುತ್ತಿದ್ದ ‘ಮದ್ರಾಸ್ ಪ್ಲೇಯರ್ಸ್’ ಎಂಬ ಹವ್ಯಾಸಿ ತಂಡದ ಮೂಲಕ ಗಿರೀಶ ಕಾರ್ನಾಡರ ಸಹವಾಸವಾಯಿತು. ಕಾರ್ನಾಡರು ಆಗ ಅಲ್ಲಿನ ಆಕ್ಸ್‌ಫರ್ಡ್ ಪ್ರಕಟನಸಂಸ್ಥೆಯಲ್ಲಿ ಉದ್ಯೋಗದಲ್ಲಿದ್ದರು. ಚಿತ್ರಕಥೆಯನ್ನು ಬರೆದವರೂ ಪ್ರಾಣೇಶಾಚಾರ್ಯರ ಪಾತ್ರವನ್ನು ವಹಿಸಿದವರೂ ಅವರೇ. ನಾರಣಪ್ಪನಾದವರು ಪಿ. ಲಂಕೇಶರು, ಚಂದ್ರಿಯಾದವರು ಸ್ನೇಹಲತಾ. ಛಾಯಾಗ್ರಾಹಕ ಟಾಮ್ ಕೋವನ್ ಆಸ್ಟ್ರೇಲಿಯದವರು. ಕಲಾನಿರ್ದೇಶನವು ಚಿತ್ರಕಾರ ಎಸ್. ಜಿ. ವಾಸುದೇವರದು, ಸಂಗೀತವು ಸರೋದ್‌ವಾದಕರಾದ ರಾಜೀವ ತಾರಾನಾಥರದು. ಶೃಂಗೇರಿಯ ಸಮೀಪದ ವೈಕುಂಠಪುರವೆಂಬ ಹಳ್ಳಿಯಲ್ಲಿ, ಅಲ್ಪವಾದ ಹಣದಿಂದ, ಕಪ್ಪುಬಿಳುಪಿನಲ್ಲಿ ಚಿತ್ರೀಕರಣವು ನಡೆಯಿತು. ತೆಲುಗು ಕವಿಯೂ ಕೊಂಕಣಿ ಮನೆಮಾತಿನ ನಾಟಕಕಾರರೂ ಆಸ್ಟ್ರೇಲಿಯದ ಛಾಯಾಗ್ರಾಹಕರೂ ಕೂಡಿ ಕನ್ನಡದ ಅಗ್ರಹಾರವನ್ನು ಕಟ್ಟಿದರೆಂಬುದು ಗಮನಾರ್ಹ. ಹೊರಗಿನವರು ಒಳಮಾತನ್ನು ಆಡಿದರೆಂಬ ಆಕ್ಷೇಪಕ್ಕೆ ಇದೂ ಎಡೆಮಾಡಿತು. ಕಥೆಯನ್ನು ಕೊಟ್ಟವರು ಅಗ್ರಹಾರದಲ್ಲಿಯೇ ಬೆಳೆದವರೆಂಬುದನ್ನು ಆಕ್ಷೇಪಿಸುವವರು ಮರೆಯುವರು.

ಆ ಕಾಲದಲ್ಲಿ ಕನ್ನಡ ಚಿತ್ರಗಳ ಪರೀಕ್ಷೆಯು ಮದರಾಸಿನಲ್ಲಿ ನಡೆಯುತ್ತಿತ್ತು. 1952ರ ಚಲಚ್ಚಿತ್ರ ಅಧಿನಿಯಮದಂತೆ ರಾಜ್ಯದ ಭದ್ರತೆ, ಪರರಾಷ್ಟ್ರಗಳ ಮೈತ್ರಿ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ, ನೀತಿ ಮೊದಲಾದುವಕ್ಕೆ ವಿರುದ್ಧವಾದುದನ್ನು ತಡೆಯಬಹುದು. ‘ಸಂಸ್ಕಾರ’ದ ಜಾತಿವಿರುದ್ಧವಾದ ಧೋರಣೆಯು ಜನರಲ್ಲಿ ಕ್ಷೋಭೆಯನ್ನುಂಟುಮಾಡಬಹುದೆಂದು ಮಂಡಳಿಯು ಶಂಕಿಸಿತು. ಮಂಡಳಿಯ ತೀರ್ಮಾನದ ಮೇಲೆ ಕೇಂದ್ರ ಸರ್ಕಾರಕ್ಕೇ ಮೇಲ್ಮನವಿಯು ಸಲ್ಲತಕ್ಕುದಾಗಿತ್ತು. ವಾರ್ತಾ ಮತ್ತು ಪ್ರಸಾರ ಸಚಿವಾಲಯವು ನಿಷೇಧವನ್ನು ತೆಗೆದು ಚಿತ್ರವನ್ನು ಬಿಡುಗಡೆಮಾಡಿತು. ಅದೇ 1970ರ ಸೆಪ್ಟೆಂಬರ್ 24ರಂದು ಕೆ. ಎ. ಅಬ್ಬಾಸರ ಒಂದು ಸಾಕ್ಷ್ಯಚಿತ್ರದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪನ್ನಿತ್ತಿತು. ಪ್ರದರ್ಶನಕ್ಕೆ ಮುಂಚಿನ ಪರೀಕ್ಷೆಯು ಸಂವಿಧಾನಕ್ಕೆ ವಿರುದ್ಧವಲ್ಲವೆಂದು ಅದು ನಿರ್ಣಯಿಸಿತು. ಹಾಗೆ ನಿರ್ಣಯಿಸುವಾಗಲೇ, ಕಲೆಯ ಮೌಲ್ಯವನ್ನು ಲೆಕ್ಕಕ್ಕೆ ಹಿಡಿಯುವ ಸೂತ್ರಗಳು ಇಲ್ಲದಿರುವುದು ದೊಡ್ಡ ಕೊರತೆಯೆಂದೂ ಎತ್ತಿ ಹೇಳಿತು. ಸ್ವತಂತ್ರವಾದ ಮೇಲ್ಮನವಿ ನ್ಯಾಯಮಂಡಳಿಯು ಬಂದುದು 1983ರಲ್ಲಿ. ಅದೂ 2021ರಲ್ಲಿ ರದ್ದಾಯಿತು. ಈಗ ಉಚ್ಚ ನ್ಯಾಯಾಲಯಕ್ಕೆ ಹೋಗಬೇಕು.

ಇಲ್ಲಿ ಪೂರ್ವಪಕ್ಷವನ್ನು ನ್ಯಾಯವಾಗಿಯೇ ಮಂಡಿಸಬೇಕು. ನೊಂದೆವೆಂದವರೆಲ್ಲರೂ ಮೂಢರೆಂದು ತಳ್ಳಿಹಾಕುವುದು ಪಂಡಿತಲಕ್ಷಣವಲ್ಲ. ಅವರ ಆಕ್ಷೇಪದಲ್ಲಿ ಎರಡು ಅಂಶಗಳುಂಟು. ಅಗ್ರಹಾರದವರನ್ನು ಬಹುಮಟ್ಟಿಗೆ ಹೊಟ್ಟೆಬಾಕರೆಂದೂ ಒಡವೆಯ ಆಸೆಗೆ ಬಿದ್ದವರೆಂದೂ ತೋರಿಸಿರುವುದು ಒಂದು. ಚಂದ್ರಿಯು ಸಂಸ್ಕಾರದ ವೆಚ್ಚಕ್ಕೆಂದು ತನ್ನ ಚಿನ್ನವನ್ನು ಬಿಚ್ಚಿ ಮುಂದಿಟ್ಟೊಡನೆಯೇ, ಬೇಡವೆಂದಿದ್ದವರೂ ತಾವೇ ಅಧಿಕಾರಿಗಳೆಂದು ಮುಂದೆ ಬರುವರು. ಈ ಚಿತ್ರಣವು ಏಕಪಕ್ಷೀಯವಾಗಿದೆಯೆಂಬುದನ್ನು ಒಪ್ಪಬಹುದು. ದಾಸಾಚಾರ್ಯನ ಹಸಿವಿನಲ್ಲಿ ಬಡತನವೂ ಇದೆಯೆಂಬುದನ್ನು ಕಾದಂಬರಿಯು ಸೂಚಿಸುವಷ್ಟು ಚಿತ್ರವು ಸೂಚಿಸುವುದಿಲ್ಲ. ಎರಡನೆಯ ಅಂಶವು ಇನ್ನೂ ಗಹನವಾದುದು. ಶಾಸ್ತ್ರದಲ್ಲಿ ಇಂತಹ ಪ್ರಶ್ನೆಗೆ ಉತ್ತರವುಂಟು, ಉತ್ತರವಿಲ್ಲವೆಂದು ತೋರಿಸಿ ಶಾಸ್ತ್ರವನ್ನು ಅಪಹಾಸ್ಯಕ್ಕೆ ಗುರಿಮಾಡಿದ್ದಾರೆ ಎಂಬುದು ಆ ಅಂಶ. ಇದನ್ನು ಪರಿಶೀಲಿಸಬೇಕು.

ಪತಿತನಾದವನ ತ್ಯಾಗಕ್ಕೆ ಒಂದು ವಿಧಿಯಿದೆ. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯದಲ್ಲಿ ಹೇಳಿರುವಂತೆ, ಸಪಿಂಡರೂ ಬಾಂಧವರೂ ನಿಂದ್ಯವಾದ ದಿನದ ಸಂಜೆಯಲ್ಲಿ ಊರ ಹೊರಗೆ ಕೂಡಿ, ಜ್ಞಾತಿಗಳೂ ಋತ್ವಿಜರೂ ಗುರುಗಳೂ ನೋಡುತ್ತಿರಲು, ಬದುಕಿರುವವನನ್ನು ಸತ್ತವನಂತೆ ಭಾವಿಸಿ ಉದಕಕ್ರಿಯೆಯನ್ನು ಮಾಡಬೇಕು. ದಾಸಿಯೊಬ್ಬಳು ನೀರು ತುಂಬಿದ ಕೊಡವನ್ನು ಕಾಲಿನಿಂದ ಉರುಳಿಸತಕ್ಕುದು. ಅನಂತರ ಒಂದು ಅಹೋರಾತ್ರದ ಆಶೌಚ. ಅಲ್ಲಿಂದ ಮುಂದೆ ಅವನೊಡನೆ ಮಾತಿಲ್ಲ, ಸಹಾಸನವಿಲ್ಲ, ಅವನಿಗೆ ದಾಯಭಾಗವಿಲ್ಲ. ಪ್ರಾಯಶ್ಚಿತ್ತವನ್ನು ಮಾಡಿಕೊಂಡರೆ ಪುಣ್ಯಜಲದಲ್ಲಿ ಅವನೊಡನೆ ಮಿಂದು ಹೊಸ ಕೊಡವನ್ನು ನೀರಿಗೆ ಹಾಕಿ ಮರಳಿ ಸೇರಿಸಿಕೊಳ್ಳಬೇಕು. ಇದೇ ಘಟಸ್ಫೋಟ. ಅನಂತಮೂರ್ತಿಯವರ ‘ಘಟಶ್ರಾದ್ಧ’ವೆಂಬ ಕಥೆಯ ಹೆಸರು ಇಂತಹ ವಿಧಿಯಿಂದಲೇ ಬಂದುದು. ಗಿರೀಶ ಕಾಸರವಳ್ಳಿಯವರು ಅದನ್ನು 1977ರಲ್ಲಿ ಚಿತ್ರವಾಗಿಸಿದಾಗ ಅದಕ್ಕೂ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿಯು ಬಂದಿತು.

ನಾರಣಪ್ಪನಿಗೆ ಘಟಸ್ಫೋಟವಾಗಲಿಲ್ಲ. ಬಹಿಷ್ಕಾರ ಹಾಕಿದರೆ ಮುಸಲ್ಮಾನನಾಗುವೆನೆಂದು ಅವನು ಬೆದರಿಸಿದ್ದನು. ಆದುದರಿಂದ ಅಗ್ರಹಾರದವರು ಸುಮ್ಮನಿದ್ದರು. ಹೀಗಿರಲು ಅವನು ಶಾಸ್ತ್ರದೃಷ್ಟಿಯಿಂದ ಜ್ಞಾತಿವರ್ಗದೊಳಗೇ ಇದ್ದವನು, ಅವನ ಸಂಸ್ಕಾರವು ಬಾಂಧವರಿಗೆ ಕರ್ತವ್ಯವೇ ಎಂದು ಒಂದು ಪಕ್ಷ. ಬಾಂಧವರಿಲ್ಲದ ಅನಾಥಪ್ರೇತದ ಸಂಸ್ಕಾರಕ್ಕೂ ಅಶ್ವಮೇಧದ ಫಲವನ್ನು ಹೇಳುವ ಮಾತು ಸಂಪ್ರದಾಯದಲ್ಲಿ ಪ್ರಸಿದ್ಧವಾಗಿರುವಾಗ ಇಲ್ಲಿ ಹಿಂಜರಿಕೆಗೆ ಕಾರಣವೇ ಇಲ್ಲ. ಆದರೆ ಯಾಜ್ಞವಲ್ಕ್ಯಸ್ಮೃತಿಯ ಪ್ರಾಯಶ್ಚಿತ್ತಾಧ್ಯಾಯದ ಆರಂಭದಲ್ಲಿ ಪಾಷಂಡಿಗಳಿಗೂ ಆಶ್ರಮಧರ್ಮವನ್ನು ಆಶ್ರಯಿಸದವರಿಗೂ ಆಶೌಚೋದಕಗಳು ಸಲ್ಲವೆಂದಿದೆ. ಸಾಲಗ್ರಾಮವನ್ನು ಹೊಳೆಗೆ ಎಸೆದವನು ಪಾಷಂಡಿಯಲ್ಲದೆ ಮತ್ತಾರು ಎಂದು ಇನ್ನೊಂದು ಪಕ್ಷ. ದಹನವು ಬೇರೆ, ಉದಕದಾನವು ಬೇರೆ ಎಂದು ವಿಭಾಗಿಸಿ ಇವೆರಡನ್ನೂ ಸಮನ್ವಯಗೊಳಿಸುವುದು ಪಂಡಿತನಿಗೆ ಅಸಾಧ್ಯವಲ್ಲ. ಪ್ರಾಣೇಶಾಚಾರ್ಯರಂತಹ ವ್ಯುತ್ಪನ್ನರು ಒಂದು ರಾತ್ರಿಯೊಳಗೆ ಮಾಡಬಹುದಾಗಿದ್ದ ವಿಭಾಗವೇ ಅದು. ಈ ಮಟ್ಟಿಗೆ ಆಕ್ಷೇಪಿಸುವವರ ಮಾತು ದಿಟ. ಗ್ರಂಥದಲ್ಲಿ ಉತ್ತರವೇ ಸಿಗಲಿಲ್ಲವೆಂಬುದು ಕವಿಯ ಕಲ್ಪನೆ, ಶಾಸ್ತ್ರದ ಸ್ಥಿತಿಯಲ್ಲ.

ಆದರೂ ಇದರಿಂದ ಆಕ್ಷೇಪವು ಗೆಲ್ಲಲಿಲ್ಲ. ಕೃತಿಯು ಎತ್ತಿದ ಪ್ರಶ್ನೆಯು ಶಾಸ್ತ್ರದೊಳಗಿನದೇ ಎಂಬುದು ಇದರಿಂದ ಇನ್ನಷ್ಟು ದೃಢವಾಯಿತು. ಅವನು ಬ್ರಾಹ್ಮಣ್ಯವನ್ನು ಬಿಟ್ಟರೂ ಬ್ರಾಹ್ಮಣ್ಯವು ಅವನನ್ನು ಬಿಟ್ಟಿತೇ ಎಂದು ಕಾದಂಬರಿಯಲ್ಲಿ ಬರುವ ಸಂಶಯವು ಘಟಸ್ಫೋಟದ ವಿಚಾರವೇ. ಬಹಿಷ್ಕಾರಕ್ಕೆ ಧೈರ್ಯವಿಲ್ಲ, ಅಂಗೀಕಾರಕ್ಕೆ ಮನಸ್ಸಿಲ್ಲ. ಬದುಕಿದ್ದಾಗ ಕೊಡವನ್ನು ಉರುಳಿಸದವರು ಸತ್ತಮೇಲೆ ಹೆಣವನ್ನು ಮುಟ್ಟಲು ಹಿಂಜರಿದರು. ಪ್ರಾಣೇಶಾಚಾರ್ಯರ ಸಂಕಟವು ಗ್ರಂಥದ ಮೌನದಿಂದ ಬಂದುದಲ್ಲ, ಮಾಡಬೇಕಾದ ತೀರ್ಮಾನವನ್ನು ಬಹುಕಾಲ ಮುಂದಕ್ಕೆ ಹಾಕಿದುದರಿಂದ ಬಂದುದು. ಅಗ್ರಹಾರದಲ್ಲಿ ಬೆಳೆದವನಲ್ಲದೆ ಬೇರೊಬ್ಬನು ಈ ಪ್ರಶ್ನೆಯನ್ನು ಇಷ್ಟು ಗುರಿಯಿಟ್ಟು ಕೇಳಲಾರನು. ದ್ವೇಷಿಗೆ ಪ್ರಾಣೇಶಾಚಾರ್ಯನಂತಹ ಪಾತ್ರವನ್ನು ಕಟ್ಟುವ ತಾಳ್ಮೆಯೂ ಇರಲಾರದು.

‘ಸಂಸ್ಕಾರ’ವೆಂಬ ಪದವನ್ನೇ ನೋಡಬಹುದು. ಪಾಠಶಾಲೆಯ ಬಾಲಕನೂ ತರ್ಕಸಂಗ್ರಹದಲ್ಲಿ ಓದುವಂತೆ ಸಂಸ್ಕಾರವೆಂಬ ಗುಣವು ವೇಗ, ಭಾವನೆ, ಸ್ಥಿತಿಸ್ಥಾಪಕ ಎಂದು ಮೂರು ಬಗೆ. ಕಥೆಯ ಯುವಕರಲ್ಲಿರುವುದು ವೇಗ. ಆಚಾರ್ಯರಲ್ಲಿ ಅನುಭವದಿಂದ ಹುಟ್ಟಿ ಸ್ಮೃತಿಗೆ ಕಾರಣವಾಗುವ ಭಾವನೆ. ಬಗ್ಗಿಸಿದ ಕೊಂಬೆಯನ್ನು ಮೊದಲಿದ್ದೆಡೆಗೆ ಸೆಳೆಯುವ ಸ್ಥಿತಿಸ್ಥಾಪಕವು ಮಾತ್ರ ಕಥೆಯಲ್ಲಿ ಅಗ್ರಹಾರಕ್ಕೂ, ಕಥೆಯ ಹೊರಗೆ ಮದರಾಸಿನ ಮಂಡಳಿಗೂ ಸೇರಿತು.

ಯುವಕರ ಮಾತು ಬಂದುದರಿಂದ ಒಂದು ಅಂಶವನ್ನು ಇಲ್ಲಿ ಹೇಳಬೇಕು. ಈ ಕೃತಿಯನ್ನು ಪ್ರಾಣೇಶಾಚಾರ್ಯರ ಕಥೆಯೆಂದೇ ಓದುವುದು ರೂಢಿ. ಅಗ್ರಹಾರದವರಿಗೆ ನಾರಣಪ್ಪನ ಮೇಲಿದ್ದ ಮುಖ್ಯವಾದ ಕೋಪವಾದರೋ ಅವನ ಮೀನು ಮಾಂಸಗಳಿಗಾಗಿ ಮಾತ್ರವಲ್ಲ, ಹುಡುಗರನ್ನು ಕೆಡಿಸಿದನೆಂಬುದಕ್ಕಾಗಿ. ಗರುಡಾಚಾರ್ಯನ ಮಗನು ಅವನ ಮಾತು ಕೇಳಿ ಮನೆ ಬಿಟ್ಟು ಸೈನ್ಯ ಸೇರಿದನು. ಲಕ್ಷ್ಮಣಾಚಾರ್ಯನ ಅಳಿಯ ಶ್ರೀಪತಿಯು ರಾತ್ರಿಯೆಲ್ಲ ಆಟ ನೋಡುತ್ತ ಅಲೆಯುವನು. ಪಾರಿಜಾತಪುರದ ಹುಡುಗರು ಅವನನ್ನು ಮುಂದಿಟ್ಟುಕೊಂಡು ನಾಟಕದ ಮಂಡಲಿ ಕಟ್ಟಿದರು. ಹಾರ್ಮೋನಿಯಂ ಬಂದಿತು. ಎಂದರೆ ಅಗ್ರಹಾರದ ದಂಗೆಯು ನಾಟಕದ ರೂಪದಲ್ಲಿಯೇ ಬಂದುದು. ಸತ್ತವನ ಬಗ್ಗೆ ಹಿರಿಯರಿಗಿದ್ದ ಭಯವೂ, ಚಿತ್ರದ ಬಗ್ಗೆ ಮಂಡಳಿಗಿದ್ದ ಭಯವೂ ಒಂದೇ ಜಾತಿಯದು: ನೋಡಿದ ಹುಡುಗರು ಏನಾದಾರು ಎಂಬುದು.

ಇನ್ನು ನಾಟ್ಯಶಾಸ್ತ್ರದ ವಿಚಾರ. ಬ್ರಹ್ಮನಿಂದ ನಾಟ್ಯವೇದವನ್ನು ಪಡೆದ ಭರತನು ತನ್ನ ನೂರು ಮಂದಿ ಮಕ್ಕಳೊಡನೆ ಇಂದ್ರಧ್ವಜದ ಉತ್ಸವದಲ್ಲಿ ಮೊದಲ ಪ್ರಯೋಗವನ್ನು ಮಾಡಿದನು. ವಸ್ತುವು ದೇವತೆಗಳು ದೈತ್ಯರನ್ನು ಗೆದ್ದುದು. ದೇವತೆಗಳು ಹಿಗ್ಗಿ ಉಡುಗೊರೆಗಳನ್ನು ಕೊಟ್ಟರು. ಸಭೆಯಲ್ಲಿದ್ದ ದೈತ್ಯರು ಕೆರಳಿದರು. ವಿರೂಪಾಕ್ಷನನ್ನು ಮುಂದಿಟ್ಟುಕೊಂಡು ವಿಘ್ನಗಳೊಡನೆ ಕೂಡಿ ಅವರು ನಟರ ಮಾತನ್ನೂ ಚಲನೆಯನ್ನೂ ನೆನಪನ್ನೂ ಸ್ತಂಭನಗೊಳಿಸಿದರು. ಇಂದ್ರನು ಧ್ವಜದಂಡವನ್ನೇ ಕಿತ್ತು ಅವರನ್ನು ಜರ್ಜರಗೊಳಿಸಿದನು. ಅದರಿಂದ ಆ ದಂಡಕ್ಕೆ ಜರ್ಜರವೆಂದು ಹೆಸರಾಯಿತು. ಉಳಿದ ವಿಘ್ನಗಳು ಮತ್ತೆ ಕಾಡಲಾಗಿ ವಿಶ್ವಕರ್ಮನು ನಾಟ್ಯಗೃಹವನ್ನು ಕಟ್ಟಿದನು. ಕಂಬಕಂಬಕ್ಕೂ ಬಾಗಿಲುಬಾಗಿಲಿಗೂ ಒಬ್ಬೊಬ್ಬ ದೇವತೆ ಕಾವಲು. ಆಗ ದೇವತೆಗಳು, ಇವರನ್ನು ಸಾಮದಿಂದ ಒಲಿಸಿಕೊಳ್ಳುವುದು ಮೇಲೆಂದು ಬ್ರಹ್ಮನಿಗೆ ಬಿನ್ನವಿಸಿದರು. ಬ್ರಹ್ಮನು ವಿಘ್ನಗಳನ್ನು ಕರೆದು ಕೇಳಲು, ವಿರೂಪಾಕ್ಷನು, ದೇವತೆಗಳಂತೆ ನಾವೂ ನಿನ್ನಿಂದಲೇ ಹುಟ್ಟಿದವರಾಗಿರಲು ನಮ್ಮನ್ನು ಅವಮಾನಗೊಳಿಸುವ ಇದನ್ನು ನೀನು ಸೃಷ್ಟಿಸಬಾರದಾಗಿತ್ತು ಎಂಬರ್ಥದಲ್ಲಿ ಉತ್ತರವಿತ್ತನು. ನಾಟ್ಯವು ನಿಮ್ಮದಾಗಲಿ ದೇವತೆಗಳದಾಗಲಿ ಒಂದೇ ಪಕ್ಷದ ಕಥೆಯಲ್ಲ, ಅದು ತ್ರೈಲೋಕ್ಯದ ಭಾವಗಳ ಅನುಕೀರ್ತನ ಎಂದು ಬ್ರಹ್ಮನು ಸಮಾಧಾನಪಡಿಸಿದನು.

ಈ ಕಥೆಯಲ್ಲಿ ಗಮನಿಸಬೇಕಾದ ವಿಶೇಷವಿದು. ನೊಂದವರ ದೂರನ್ನು ಬ್ರಹ್ಮನು ಕಿವಿಗೊಟ್ಟು ಕೇಳಿದನು. ಅದು ಸುಳ್ಳೆಂದು ಹೇಳಲಿಲ್ಲ. ಆದರೆ ಪ್ರಯೋಗವನ್ನು ನಿಲ್ಲಿಸಲಿಲ್ಲ. ದಂಡವೂ ರಕ್ಷೆಯೂ ಸಾಮವೂ ಆಡುವವರ ಪರವಾಗಿಯೇ ಬಂದುವು. ಅರಸನಾದ ಇಂದ್ರನ ಕೈಯಲ್ಲಿದ್ದ ಕೋಲು ಬಿದ್ದುದು ವಿಘ್ನಗಳ ಮೇಲೆ, ನಟರ ಮೇಲಲ್ಲ. ಮದರಾಸಿನಲ್ಲಿ ನಡೆದುದು ಇದಕ್ಕೆ ವಿಪರೀತವಾದುದು. ಅಲ್ಲಿ ವಿಘ್ನವು ಇನ್ನೂ ಬಂದಿರಲಿಲ್ಲ, ಬಂದೀತೆಂಬ ಊಹೆಯಿಂದ ಜರ್ಜರವನ್ನು ನಟರ ಮೇಲೆಯೇ ಎತ್ತಲಾಯಿತು.

ಶಾಸ್ತ್ರದ ಕೊನೆಯಲ್ಲಿ ಇನ್ನೊಂದು ಕಥೆಯಿದೆ. ಅದನ್ನು ಅಧ್ಯಾಪಕರು ಅಷ್ಟಾಗಿ ಹೇಳುವುದಿಲ್ಲ. ಭರತನ ಮಕ್ಕಳು ನಾಟ್ಯವೇದದ ಮದದಿಂದ ಋಷಿಗಳನ್ನೇ ಅಣಕಿಸುವ ಪ್ರಹಸನವನ್ನು ಕಟ್ಟಿ ಸಭೆಯಲ್ಲಿ ಆಡಿದರು. ಋಷಿಗಳು ಕೆರಳಿ, ನೀವು ಬ್ರಾಹ್ಮಣ್ಯವನ್ನು ಕಳೆದುಕೊಂಡು ಶೂದ್ರಾಚಾರರಾಗಿರಿ ಎಂದು ಶಪಿಸಿದರು. ನಾಟ್ಯವೇ ನಾಶವಾದೀತೆಂದು ದೇವತೆಗಳು ಬೇಡಿಕೊಳ್ಳಲು, ನಾಟ್ಯವು ನಾಶವಾಗದು, ಶಾಪವು ಮಾತ್ರ ನಿಲ್ಲುವುದು ಎಂದರು. ಮುಂದೆ ನಹುಷನ ಪ್ರಾರ್ಥನೆಯಿಂದ ಆ ಮಕ್ಕಳೇ ಭೂಮಿಗೆ ಬಂದು ಮನುಷ್ಯರಲ್ಲಿ ನಾಟ್ಯವನ್ನು ನೆಲೆಗೊಳಿಸಿದರು. ಶಪಿಸುವ ಬಲವಿದ್ದ ಋಷಿಗಳೂ ಕೃತಿಯನ್ನು ಅಳಿಸಲಿಲ್ಲವೆಂಬುದು ಇಲ್ಲಿಯೂ ಸ್ಪಷ್ಟ. ಅವರ ದಂಡನೆಯು ಆಡಿದವರ ಜಾತಿಯನ್ನು ತಟ್ಟಿತು. ನಾರಣಪ್ಪನ ಸುತ್ತ ನಾಟಕ ಕಟ್ಟಿದ ಹುಡುಗರ ಕಥೆಗೆ ಇದಕ್ಕಿಂತ ಹಳೆಯ ಮಾತೃಕೆಯು ಬೇಕಾಗಿಲ್ಲ.

ಅಭಿನವಗುಪ್ತಪಾದರು ವಿಘ್ನವೆಂಬ ಮಾತನ್ನು ರಂಗದಿಂದ ಪ್ರೇಕ್ಷಕನ ಹೃದಯಕ್ಕೆ ತಂದರು. ರಸಾಧ್ಯಾಯದ ವ್ಯಾಖ್ಯಾನದಲ್ಲಿ ಅವರು ರಸವಿಘ್ನಗಳು ಏಳೆಂದು ಎಣಿಸಿದ್ದಾರೆ. ಅವುಗಳಲ್ಲಿ ಎರಡು ಪ್ರಕೃತಕ್ಕೆ ಬೇಕಾದುವು. ಕಂಡ ಸುಖದುಃಖಗಳು ತನ್ನವೇ ಎಂದೋ ಇಂತಹ ಮತ್ತೊಬ್ಬನವೇ ಎಂದೋ ಕಟ್ಟುಹಾಕಿಕೊಳ್ಳುವುದು ಒಂದು. ತನ್ನ ಸ್ವಂತದ ಸುಖದುಃಖಗಳಿಗೆ ವಶನಾಗಿಬಿಡುವುದು ಇನ್ನೊಂದು. ಇವುಗಳಿಂದ ಸಾಧಾರಣೀಕರಣವು ತಪ್ಪುತ್ತದೆ, ರಸವು ಹುಟ್ಟುವುದಿಲ್ಲ. ಪ್ರಾಣೇಶಾಚಾರ್ಯರನ್ನು ಕಂಡು, ಇವರು ನಮ್ಮ ಮಠದವರು, ಇದು ನಮ್ಮ ಅಜ್ಜನ ಮನೆ ಎಂದು ಎದೆ ಹಿಡಿದುಕೊಳ್ಳುವ ಪ್ರೇಕ್ಷಕನಿಗೆ ಈ ಎರಡೂ ವಿಘ್ನಗಳು ಬಂದಿವೆ. ಇದು ಅವನ ಅಪರಾಧವಲ್ಲ. ಹತ್ತಿರದವರಿಗೆ ಇವು ಬೇಗ ಬರುತ್ತವೆ. ಇವುಗಳನ್ನು ಕಳೆಯುವ ಉಪಾಯಗಳು ಪೂರ್ವರಂಗ, ಗೀತ, ನಟನ ವೇಷ ಮೊದಲಾದುವು ಎಂದು ಆಚಾರ್ಯರು ಹೇಳುತ್ತಾರೆಯೇ ಹೊರತು ನಾಟಕವನ್ನು ಮುಚ್ಚಿಸುವುದು ಉಪಾಯವೆಂದು ಎಲ್ಲಿಯೂ ಹೇಳುವುದಿಲ್ಲ. ಮಂಡಳಿಯು ಮಾಡಿದ ತಪ್ಪು ಇದೇ. ಪ್ರೇಕ್ಷಕನ ಹೃದಯದ ವಿಘ್ನವನ್ನು ಅದು ಕೃತಿಯ ದೋಷವೆಂದು ಗ್ರಹಿಸಿತು. ಚಿತ್ರದ ಕಡೆಯಿಂದಲೂ ಒಂದು ಮಾತನ್ನು ಹೇಳಬಹುದು. ಅದು ಇದ್ದುದನ್ನು ಇದ್ದಂತೆಯೇ ತೋರಿಸುವ ಹಟದಿಂದ ಗೀತವನ್ನೂ ಅಲಂಕಾರವನ್ನೂ ಬಿಟ್ಟುದರಿಂದ ಆ ಉಪಾಯಗಳನ್ನು ತಾನೇ ಕಳೆದುಕೊಂಡಿತು. ರಾಜೀವ ತಾರಾನಾಥರ ಸಂಗೀತವು ಮಾತ್ರ ಅಲ್ಲಲ್ಲಿ ಆ ಕೆಲಸವನ್ನು ಮಾಡುತ್ತದೆ.

ಇಲ್ಲಿಗೆ ಶಾಸ್ತ್ರವಿಚಾರವು ಮುಗಿಯಿತಾದರೂ ಚರಿತ್ರೆಯು ಮುಗಿಯಲಿಲ್ಲ. 1955ರ ಆವಡಿಯ ಅಧಿವೇಶನದಲ್ಲಿ ಆಳುವ ಕಾಂಗ್ರೆಸ್ಸು ಸಮಾಜವಾದಿ ಮಾದರಿಯ ಸಮಾಜವನ್ನು ತನ್ನ ಗುರಿಯೆಂದು ಸಾರಿತ್ತು. ಜಾತಿಭೇದವನ್ನು ತೊಡೆಯುವೆನೆಂದ ಆ ರಾಜ್ಯದ ಒಂದು ಮಂಡಳಿಯೇ, ಜಾತಿಯೊಂದರ ಮನಸ್ಸು ನೋಯುವುದೆಂಬ ಕಾರಣದಿಂದ, ಸಮಾಜವಾದಿಗಳೇ ಮಾಡಿದ ಚಿತ್ರವನ್ನು ತಡೆಯಿತು. ಅನಂತಮೂರ್ತಿಯವರು ಶಾಂತವೇರಿ ಗೋಪಾಲಗೌಡರ ಬಳಗದ ಶಿವಮೊಗ್ಗೆಯ ಸಮಾಜವಾದದಲ್ಲಿ ಬೆಳೆದವರು. 1951ರ ಕಾಗೋಡು ಸತ್ಯಾಗ್ರಹಕ್ಕೆ ಲೋಹಿಯಾ ಅವರೇ ಬಂದು ಸೆರೆಯಾದುದು ಆ ನಾಡಿನಲ್ಲಿಯೇ. ಒಂದೇ ಹೆಸರಿನ ಎರಡು ಸಮಾಜವಾದಗಳು ಇಲ್ಲಿ ಎದುರುಬದುರಾದುವು. ನಿಷೇಧವನ್ನು ತೆಗೆದುದೂ ಪದಕವನ್ನಿತ್ತುದೂ ಸರ್ಕಾರದ ಔದಾರ್ಯವೆಂದು ಅಂದು ಹೊಗಳಿದವರುಂಟು. ತೆಗೆಯುವ ಕೈಗೆ ಹಾಕುವ ಅಧಿಕಾರವು ಉಳಿದೇ ಇತ್ತೆಂಬುದನ್ನು ಅವರು 1975ರಲ್ಲಿ ಕಂಡಿರಬೇಕು.

ಆ ವರ್ಷದ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿಯು ಘೋಷಿತವಾಯಿತು. ಆಗ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಮೊದಲಾದವರನ್ನು ಹಿಡಿದು ಇಲ್ಲಿನ ಕೇಂದ್ರ ಕಾರಾಗೃಹದಲ್ಲಿಟ್ಟರು. 1976ರ ಮೇ 2ರಂದು ಸ್ನೇಹಲತಾ ರೆಡ್ಡಿಯವರನ್ನು ಬಂಧಿಸಿ ಅಲ್ಲಿಗೇ ಒಯ್ದರು. ಜಾರ್ಜ್ ಫರ್ನಾಂಡಿಸರ ಸ್ನೇಹಿತರಾಗಿದ್ದುದರಿಂದ ಬರೋಡಾ ಡೈನಮೈಟ್ ಪ್ರಕರಣದ ಶಂಕೆಯು ಅವರ ಮೇಲೆ ಬಂದಿತು. ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರು ಇರಲಿಲ್ಲ. ಉಬ್ಬಸರೋಗದಿಂದ ನರಳುತ್ತಿದ್ದ ಅವರನ್ನು ಎಂಟು ತಿಂಗಳು ಸೆರೆಯಲ್ಲಿಟ್ಟರು. ರಾತ್ರಿಯ ಹೊತ್ತು ಅವರ ಕೂಗು ಕೇಳುತ್ತಿತ್ತೆಂದು ಅದೇ ಸೆರೆಯಲ್ಲಿದ್ದ ದಂಡವತೆಯವರು ಮುಂದೆ ಬರೆದಿದ್ದಾರೆ. ಇಷ್ಟರಲ್ಲಿ ಸಂವಿಧಾನದ ನಲವತ್ತೆರಡನೆಯ ತಿದ್ದುಪಡಿಯು ಅಂಗೀಕೃತವಾಗಿ, ಪ್ರಸ್ತಾವನೆಯಲ್ಲಿ ಭಾರತವು ಸಮಾಜವಾದಿ ಗಣರಾಜ್ಯವೆಂಬ ಮಾತು 1977ರ ಜನವರಿ 3ರಂದು ಜಾರಿಗೆ ಬಂದಿತು. ಲೋಹಿಯಾವಾದಿಯಾದ ಈ ನಟಿಯು ಅಂದು ಸೆರೆಮನೆಯಲ್ಲಿದ್ದರು. ಜನವರಿ 15ರಂದು ಅವರನ್ನು ಪೆರೋಲಿನ ಮೇಲೆ ಬಿಟ್ಟರು. 20ರಂದು ಅವರು ತೀರಿಕೊಂಡರು. ಸೆರೆಯಲ್ಲಿ ಅವರು ಬರೆದಿಟ್ಟ ದಿನಚರಿಯು ಅದೇ ವರ್ಷ ಪ್ರಕಟವಾಯಿತು. ‘ಸಂಸ್ಕಾರ’ದಲ್ಲಿ ಯಾರೂ ಮುಟ್ಟದ ಹೆಣಕ್ಕೆ ಬೆಂಕಿ ಕಾಣಿಸಿದ ಚಂದ್ರಿಯ ಪಾತ್ರವನ್ನು ವಹಿಸಿದ್ದವರು ಇವರು.

1977ರಲ್ಲಿಯೇ ಪಟ್ಟಾಭಿರಾಮ ರೆಡ್ಡಿಯವರ ಎರಡನೆಯ ಕನ್ನಡ ಚಿತ್ರವಾದ ‘ಚಂಡಮಾರುತ’ವು ಬಂದಿತು. ಅದರ ಮೂಲವು ಲಂಕೇಶರ ‘ಕ್ರಾಂತಿ ಬಂತು ಕ್ರಾಂತಿ’ ಎಂಬ ನಾಟಕ. ತೆರೆಯ ಮೇಲೆ ನಾರಣಪ್ಪನಾಗಿ ಹುಡುಗರನ್ನು ಕೆಣಕಿದ್ದ ಲಂಕೇಶರು ಮುಂದೆ ಕಾಲೇಜಿನ ಅಧ್ಯಾಪಕವೃತ್ತಿಯನ್ನು ಬಿಟ್ಟು, 1980ರಲ್ಲಿ ತಮ್ಮ ಹೆಸರಿನ ವಾರಪತ್ರಿಕೆಯನ್ನು ಆರಂಭಿಸಿದರು. ಅದರ ಕಚೇರಿಯು ಬಸವನಗುಡಿಯಲ್ಲಿ, ಮಠಗಳಿಗೆ ಬಹು ದೂರವಲ್ಲದ ಬೀದಿಯಲ್ಲಿತ್ತು.